ಮೂಗಕ್ಕನ ಸರ್ಟಿಫಿಕೇಟು

ನನ್ನ ಅಕ್ಕನನ್ನು ಬೀದಿಯವರೆಲ್ಲ ಮೂಗಕ್ಕ ಎನ್ನುತ್ತಾರೆ. ಅವಳ ಮೂಗು ಉದ್ದವೇನಲ್ಲ. ಸುಟ್ಟ ಮೋಟರನ್ನು ಮೂಸಿಯೇ, ಅದು ನೀರು ಕುಡಿದು ಕೆಟ್ಟಿತೋ ಹೊರೆ ತಾಳದೆ ಕೆಟ್ಟಿತೋ ಹೇಳಿಬಿಡುತ್ತಾಳೆ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ಇಪ್ಪತ್ತು ವರ್ಷ ಒಂದೇ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿದಳು. ನಾನು ಬಿ.ಕಾಂ. ಮುಗಿಸಿ ಅದೇ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂತೆ. ಇಬ್ಬರಿಗೂ ಒಂದೇ ಸಂಬಳ. ಜ್ವರ ಬಂದು ಮಲಗಿದರೆ ಅದಕ್ಕೂ ಕತ್ತರಿ. ಬಿ.ಕಾಂ. ಓದಿದ್ದೇನೆ, ಸಂಬಳ ಹೆಚ್ಚಿಸಿ ಎಂದು ನಾನೊಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಮಾಲೀಕರು ನಕ್ಕರು: "ನಿನ್ನ ಸರ್ಟಿಫಿಕೇಟು ಬಂದು ತಂತಿ ಸುತ್ತುತ್ತೇನಮ್ಮಾ?" ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಅದನ್ನು ಪೆಟ್ಟಿಗೆಯ ತಳಕ್ಕೆ ತಳ್ಳಿದೆ.

ಊರಾಚೆಯ ಪಂಪು ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ಎರಡರಷ್ಟು ಸಂಬಳ, ಪಿ.ಎಫ್., ಸಂಬಳ ಸಹಿತ ರಜೆ. ಆದರೆ ಹತ್ತನೇ ತರಗತಿ ಪಾಸಾಗದವರನ್ನು ಗೇಟು ದಾಟಲೂ ಬಿಡುತ್ತಿರಲಿಲ್ಲ. ನಲವತ್ತು ದಾಟಿದ ಅಕ್ಕ ಹಟ ಹಿಡಿದಳು. ವರ್ಷವಿಡೀ ಬೆಳಗ್ಗೆ ಒಲೆ ಮುಂದೆ ನಾನು ಪಾಠ ಹೇಳಿದೆ, ಬೈದೆ, ಬೇಡಿಕೊಂಡೆ. ಅವಳು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದಳು.

ಆಮೇಲೆ ಕಾರ್ಖಾನೆಯವರದ್ದೇ ಒಂದು ಪರೀಕ್ಷೆ. ಬರೆದು ಹೊರಬಂದವಳನ್ನು ಗೇಟಿನಲ್ಲೇ ಹಿಡಿದು ವಿಚಾರಿಸಿದೆ.

"ಮೋಟರ್ ಕೆಟ್ರೆ ಮೊದಲು ಏನು ಮಾಡ್ಬೇಕು ಅಂತ ಕೇಳಿದ್ರು. ಮೂಸಿ ನೋಡ್ಬೇಕು ಅಂತ ಬರೆದೆ ಕಣೇ."

"ಮೀಟರ್ ಹಿಡಿದು ಕರೆಂಟ್ ಹರಿಯುತ್ತಾ ನೋಡ್ಬೇಕು ಅಂತ ಬಡ್ಕೊಂಡಿದ್ನಲ್ಲೇ!" ವರ್ಷದ ಶ್ರಮವೆಲ್ಲ ಮಣ್ಣುಪಾಲಾಯಿತೆಂದು ಅಲ್ಲೇ ಅತ್ತುಬಿಟ್ಟೆ.

ವಾರ ಕಳೆದು ಕಾರ್ಖಾನೆಯಿಂದ ಕರೆ ಬಂತು, ಅಕ್ಕ ಹೋದಳು. ಅಲ್ಲಿನ ಎಂಜಿನಿಯರ್ ಮೇಡಂ ಆ ಉತ್ತರಕ್ಕೆ ಸೊನ್ನೆ ಕೊಟ್ಟಿದ್ದರಂತೆ. ಆದರೂ ನೋಡೇಬಿಡೋಣ ಎಂದು ಎರಡು ಸುಟ್ಟ ಮೋಟರುಗಳನ್ನು ಅಕ್ಕನ ಮುಂದಿಟ್ಟರಂತೆ. ಅವಳು ಬಗ್ಗಿ ಮೂಸಿ, "ಇದಕ್ಕೆ ನೀರು ಹೋಗಿದೆ, ಇದಕ್ಕೆ ಹೊರೆ ಜಾಸ್ತಿ ಆಗಿದೆ," ಎಂದಳು. ಬಿಚ್ಚಿ ನೋಡಿದರೆ ಹಾಗೇ ಇತ್ತು.

"ಮೀಟರ್ ಹಿಡಿಯೋದನ್ನ ನಾವು ಕಲಿಸ್ತೀವಿ. ಸೋಮವಾರದಿಂದ ಬನ್ನಿ," ಎಂದರಂತೆ ಮೇಡಂ.

ನೇಮಕದ ಆದೇಶ ಹಿಡಿದು ಬಂದ ಅಕ್ಕ ಕುಣಿಯಲಿಲ್ಲ. "ಇಪ್ಪತ್ತು ವರ್ಷದಿಂದ ಇದ್ದಿದ್ದು ಇದೇ ಮೂಗು ತಾನೇ? ಒಳಗೆ ಬಿಡೋಕೆ ಒಂದು ಕಾಗದ ಬೇಕಾಯ್ತು ನೋಡು," ಎಂದವಳು ನನ್ನತ್ತ ತಿರುಗಿದಳು. "ಅಲ್ಲಿ ಲೆಕ್ಕದ ವಿಭಾಗದಲ್ಲೂ ಜಾಗ ಖಾಲಿ ಇದೆಯಂತೆ. ನಿಂದು ತೆಗಿ."

ಪೆಟ್ಟಿಗೆಯ ತಳ ಕೆದಕಿ ಬಿ.ಕಾಂ. ಸರ್ಟಿಫಿಕೇಟು ತೆಗೆದೆ. ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ಗಂಭೀರವಾಗಿ ಮೂಸಿದಳು.

"ಸುಟ್ಟಿಲ್ಲ ಬಿಡು," ಎಂದಳು. "ಓಡುತ್ತೆ."