ಅಕ್ಕನಿಗೆ ತಪ್ಪಾಗಿ ಓದಿದ ವಚನ

ತಪ್ಪಾಗಿ ಓದಿದ್ದು ನನ್ನ ದೊಡ್ಡ ತಪ್ಪಲ್ಲ. ಗೊತ್ತಾದ ಮೇಲೂ ತಿದ್ದಲಿಲ್ಲ. ಅದು ತಪ್ಪು.

ನಾನು ಕಲಿತದ್ದು ಮೂರನೇ ಇಯತ್ತೆ. ಎಸ್ತೇರಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಪಾಲಿಗೆ ನಾನೇ ಮಾಸ್ತರ. ಅಪ್ಪ ಅವ್ವ ಹೋದ ಮೇಲೆ ಬ್ಯಾಡಗಿಯ ಮನೆಯಲ್ಲಿ ನಾವಿಬ್ಬರೇ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ನಾನು ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ರಾಣೇಬೆನ್ನೂರಿನ ಸೈಕಲ್ ಅಂಗಡಿಗೆ.

ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಪ್ರತಿಯೊಬ್ಬರೂ ತಟ್ಟೆಯಿಂದ ಒಂದು ಬೈಬಲ್ ವಚನದ ಚೀಟಿ ಎತ್ತಬೇಕು. ವರ್ಷವೆಲ್ಲ ಅದರಂತೆ ನಡೆಯಬೇಕು. ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, ಕೈಯಾರೆ ಬರೆದ ಚೀಟಿಗಳು. ಅಕ್ಕನ ಚೀಟಿಯಲ್ಲಿ ಎರಡೇ ಶಬ್ದ. ಮೊದಲನೆಯದು ‘ಬೇಡರಿ’ ಎಂದು ಕಂಡಿತು. ಎರಡನೆಯದು ಉದ್ದ, ಒತ್ತಕ್ಷರ ಬೇರೆ. ‘ಕೊಡ’ ಎಂಬಷ್ಟು ಮಾತ್ರ ಹತ್ತಿತು. ಓದಲು ಬರುವುದಿಲ್ಲ ಎನ್ನಲು ನಾಚಿಕೆ.

“ಬ್ಯಾಡ ಅನ್ರಿ ಅಂತೈತಿ ಅಕ್ಕಾ. ಯಾರಿಗೂ ಏನೂ ಕೇಳಬಾರದು. ದೇವರು ತಾನಾಗೇ ಕೊಡ್ತಾನಂತ.”

“ಛಲೋ ವಚನ ಬಂತು ನೋಡು. ನಿನಗೇನು ಬಂತೋ?”

“ತಾಳ್ಮಿ.”

“ನಿನ್ನ ನೋಡೇ ಬರದಾರ ಬಿಡು ಅಯ್ಯನೋರು!” ಎಂದು ನಕ್ಕಳು.

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನ ಘಾಟಿಗೆ ಊರೇ ಕೆಮ್ಮುತ್ತದೆ. ಆದರೆ ಸುಗ್ಗಿ ಮುಗಿದರೂ ಅಕ್ಕನ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜ್ವರ. ಕುಪ್ಪಸ ಸಡಿಲವಾಯಿತು. ದವಾಖಾನೆಗೆ ಕರೆದುಕೊಂಡು ಹೋಗು ಎಂದು ಅವಳು ಕೇಳಲಿಲ್ಲ.

ಒಂದು ರವಿವಾರ, ಅವಳು ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಸುಮ್ಮನೆ ನೋಡುತ್ತ ಕುಳಿತಿದ್ದೆ. ‘ಡ’ದ ತಲೆಯ ಮೇಲೆ ಗುಡಿಸು ಇತ್ತು.

ಬೇಡಿರಿ.

ಕೇಳಿಕೊಳ್ಳಿರಿ, ಕೊಡಲ್ಪಡುವುದು ಎಂದು.

ಆಗಲೇ ಹೇಳಬೇಕಿತ್ತು. ಹೇಳಿದರೆ ನನ್ನ ಮಾಸ್ತರಿಕೆ ಹೋಗುತ್ತಿತ್ತು. ಇನ್ನೊಂದು ಮಾತಿದೆ, ಹೇಳಲು ನಾಲಿಗೆ ಏಳುವುದಿಲ್ಲ. ಏನನ್ನೂ ಕೇಳದ ಅಕ್ಕನಿಂದ ನನಗೆ ಅನುಕೂಲವಿತ್ತು. ರಜೆ ಹಾಕಿ ಅವಳನ್ನು ಹಾವೇರಿಗೆ ಒಯ್ಯುವ ತಾಪತ್ರಯವಿರಲಿಲ್ಲ. ಒಂದು ಕೊಡ ನೀರು ತಾ ಎಂದೂ ಅವಳು ಅನ್ನುತ್ತಿರಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಕಫದಲ್ಲಿ ರಕ್ತ ಬಿತ್ತು.

ಹಾವೇರಿಯ ದವಾಖಾನೆ. ಎಕ್ಸ್‌ರೇ. ಕಫದ ಟೆಸ್ಟ್. ಟಿ.ಬಿ. ಒಂದು ತಿಂಗಳ ಗುಳಿಗೆ ಕೊಟ್ಟು, ಮುಗಿಯುವ ಮೊದಲೇ ಬಂದು ಕೇಳಿ ಒಯ್ಯಿರಿ, ಒಂದು ದಿನವೂ ತಪ್ಪಿಸಬೇಡಿ ಎಂದರು. ಅವಳ ಮೂತ್ರ ಕೆಂಪಾಯಿತು. ಇಬ್ಬರೂ ಹೆದರಿದೆವು. ಗುಳಿಗೆಯ ಬಣ್ಣವೆಂದು ಆಮೇಲೆ ತಿಳಿಯಿತು. ಜ್ವರ ಇಳಿಯಿತು. ಎರಡನೇ ಸಲ ಅವಳೊಬ್ಬಳನ್ನೇ ಹಾವೇರಿಗೆ ಕಳಿಸಿ ನಾನು ಅಂಗಡಿಗೆ ಹೋದೆ.

ಕೆಲವು ವಾರಗಳಲ್ಲಿ ಮತ್ತೆ ಜ್ವರ. ಗುಳಿಗೆಯ ಡಬ್ಬಿ ತೆರೆದೆ. ಖಾಲಿ.

“ಗುಳಿಗಿ ತರಾಕ ಹೋಗಿದ್ದಿಲ್ಲ?”

“ಹೋಗಿದ್ನೆಪಾ. ಸಂಜಿತನಾ ಬೆಂಚಿನ ಮ್ಯಾಲ ಕುಂತಿದ್ದೆ. ಬಂದ್ನಿ.”

“ಕಿಟಕಿಗೆ ಹೋಗಿ ಕೇಳಬಾರದನ?”

“ನೀನ ಓದಿದ್ದೆಲ್ಲೋ, ಕೇಳಬಾರದಂತ. ನನ್ನ ಆರಾಮ ಮಾಡಂತ ಪ್ರಾರ್ಥನಿನೂ ಮಾಡಿಲ್ಲ ನಾ. ಕೊಟ್ರ ಕೊಡ್ತಾನ.”

ಖಾಲಿ ಡಬ್ಬಿ ಮುಚ್ಚಿಟ್ಟೆ. ಆಗಲೂ ನಿಜ ಹೇಳಲಿಲ್ಲ.

ಮರುದಿನ ಡಾಕ್ಟರು ಹೊಸ ಎಕ್ಸ್‌ರೇ ಹಿಡಿದು ಅಕ್ಕನನ್ನೇ ಬೈದರು. “ನಡುವ ಬಿಟ್ರ ಇದು ಇನ್ನೂ ಜೋರಾಗತೈತಿ. ಕೇಳಾಕ ಬಾಯಿ ಇರಲಿಲ್ಲೇನಮ್ಮಾ?” ಅಕ್ಕ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ನನಗೆ ಬೀಳಬೇಕಿದ್ದ ಬೈಗುಳ ಅವಳು ತಿಂದಳು.

ಚಿಕಿತ್ಸೆ ಮೊದಲಿನಿಂದ ಶುರುವಾಯಿತು, ಇಂಜೆಕ್ಷನ್ನೂ ಸೇರಿತು. ಈಗ ತೂಕ ತುಸು ಏರಿದೆ. ಹೋದ ವಾರದ ಕಫದಲ್ಲಿ ಏನೂ ಕಂಡಿಲ್ಲವಂತೆ. ದೇವರಿಗೆ ಸ್ತೋತ್ರ. ಆದರೂ ಅವಳು ಕೆಮ್ಮಿದರೆ ನಾನು ಕುಳಿತಲ್ಲಿಂದ ಏಳುತ್ತೇನೆ, ಮತ್ತೆ ಕೂರುತ್ತೇನೆ. ಕೋರ್ಸ್ ಮುಗಿಯಲು ಇನ್ನೂ ಬಹಳ ದಿನವಿದೆ.

ಬೈಸಿಕೊಂಡ ಆ ದಿನ, ಡಾಕ್ಟರ ಕೋಣೆಯಿಂದ ಹೊರಗೆ ಬಂದವಳನ್ನು ಬೇವಿನ ಗಿಡದ ಕಟ್ಟೆಯ ಮೇಲೆ ಕೂರಿಸಿದೆ. ಅವಳ ಮುಖ ನೋಡಲಾಗದೆ ನೆಲ ನೋಡುತ್ತ ಹೇಳಿದೆ.

“ಅಕ್ಕಾ, ಬ್ಯಾಡ ಅಂತ ಇರಲಿಲ್ಲ ಅದರಾಗ. ಬೇಡಿರಿ ಅಂತಿತ್ತು. ನನಗ ಓದಾಕ ಬರಲಿಲ್ಲ. ಆಮ್ಯಾಲೆ ಗೊತ್ತಾತು, ಆದ್ರೂ ಹೇಳಲಿಲ್ಲ. ನೀ ಏನೂ ಕೇಳದಿದ್ರ ನನಗ ಆರಾಮಿತ್ತು. ತಪ್ಪಾತಕ್ಕಾ. ನನ್ನ ಕ್ಷಮಿಸು.”