ಭಾವನ ಕೋಲಿಗೆ ಕೈ ಹಾಕಿದ್ದು

ನಲ್ಲಿ ರಿಪೇರಿ ಮಾಡುವವನಿಗೆ ಬೀದಿಯವರು ಇಟ್ಟ ಹೆಸರು ಅರ್ಜೆಂಟು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಪೂರ್ತಿ ಕರೆದು ಮುಗಿಸುವಷ್ಟು ಹೊತ್ತು ಅವನು ಯಾರೆದುರೂ ನಿಲ್ಲುತ್ತಿರಲಿಲ್ಲ. ಟೀ ಒಲೆಯಿಂದ ಇಳಿದ ಕೂಡಲೇ ಗಂಟಲಿಗೆ ಸುರಿದುಕೊಂಡು ನಾಲಿಗೆ ಸುಟ್ಟು ರುಚಿಯೇ ಸತ್ತಿತ್ತು. ಯಾರಾದರೂ ಮಾತಿಗೆ ತಡಕಾಡಿದರೆ ಅವರ ಮಾತನ್ನು ಇವನೇ ಮುಗಿಸುತ್ತಿದ್ದ, ಬಹಳ ಸಲ ತಪ್ಪಾಗಿ. ಡಬ್ಬಿಯ ಮುಚ್ಚಳ ಬಿಚ್ಚಲಾರದೆ ಒದ್ದಾಡುವವರನ್ನು, ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿಕೊಂಡವರನ್ನು ಕಂಡರೆ ಅವನ ಬೆರಳುಗಳು ತುರಿಸುತ್ತಿದ್ದವು. ಕೇಳದೆಯೇ ಕಿತ್ತುಕೊಂಡು, ಮಾಡಿಕೊಟ್ಟು, ಥ್ಯಾಂಕ್ಸ್ ಹೇಳುವ ಮೊದಲೇ ಹೊರಟುಬಿಡುತ್ತಿದ್ದ. ಕೆಟ್ಟವನಲ್ಲ. ಒಳ್ಳೆಯವರಿಂದಲೂ ಎಷ್ಟು ತೊಂದರೆಯಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ, ಅಷ್ಟೆ.

ಇಂಥವನನ್ನು ಒಂದೇ ಒಂದು ಕಡೆ ಸುಮ್ಮನೆ ಕೂರಿಸಿದವರು ಅವನ ಅಕ್ಕನ ಗಂಡ. ಭಾವನದು ಕ್ಷೌರದ ಅಂಗಡಿ. ಎರಡು ಕುರ್ಚಿ, ಉದ್ದದ ಕನ್ನಡಿ, ಗೋಡೆಗೆ ಒರಗಿಸಿದ ಒಂದು ಬೆಂಚು. ಅವರ ಕೈ ಎಷ್ಟು ಹಗುರವೆಂದರೆ ಗಿರಾಕಿಗಳು ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ವಾರಕ್ಕೊಂದು ರಜೆ. ಆ ದಿನ ಊರಾಚೆಯ ಹಳೇ ಕಲ್ಲುಗಣಿಯ ಹೊಂಡದ ದಡದಲ್ಲಿ ಗಾಳ ಹಾಕಿ ಕೂರುವುದು. ಕಲ್ಲು ತೆಗೆಯುವುದು ನಿಂತ ಮೇಲೆ ನೀರು ತುಂಬಿ, ಯಾರೋ ಬಿಟ್ಟ ಗೆಂಡೆ ಮೀನುಗಳು ಅಲ್ಲಿ ಬೆಳೆದು ದಪ್ಪವಾಗಿದ್ದವು. ಮದುವೆಯಾದ ಹೊಸದರಲ್ಲೇ ಭಾವ ಈ ಮೈದುನನನ್ನೂ ಕರೆದುಕೊಂಡು ಹೋದರು. 'ನಿನ್ನ ಕಾಲಿನ ಚಕ್ರ ಬಿಚ್ಚಿಟ್ಟು ಬಾ, ಇಲ್ಲಿ ಅರ್ಜೆಂಟಿಗೆ ಕಿಲುಬು ಕಾಸಿನ ಬೆಲೆ ಇಲ್ಲ' ಎಂದರು. ಹೇಗೋ ಏನೋ, ಇವನು ಕೂತ. ಮನೆಯಲ್ಲಿ ಐದು ನಿಮಿಷ ಕುರ್ಚಿ ಬೆಚ್ಚಗೆ ಮಾಡದವನು ಭಾವನ ಪಕ್ಕದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರಿನ ಮೇಲೆ ತೇಲುವ ಗಾಳದ ಬೆಂಡನ್ನು ನೋಡುತ್ತಾ ಕೂರುವುದನ್ನು ಕಂಡು ಅವನ ಹೆಂಡತಿ, 'ನಿಮ್ಮ ಭಾವ ನಿಮಗೇನೋ ತಿನ್ನಿಸಿದ್ದಾರೆ' ಎನ್ನುತ್ತಿದ್ದಳು.

ಆ ದಡದಲ್ಲಿ ಕೂರುವವರಿಗೆ ಬರೆದಿಡದ ಕೆಲವು ಕಟ್ಟುಪಾಡುಗಳಿದ್ದವು. ಜೋರಾಗಿ ಮಾತಾಡಬಾರದು, ಇನ್ನೊಬ್ಬನ ಜಾಗದಲ್ಲಿ ಗಾಳ ಎಸೆಯಬಾರದು, ಹಿಡಿದ ಮೀನನ್ನು ನೋಡಿ ಮತ್ತೆ ನೀರಿಗೇ ಬಿಡಬೇಕು. ಎಲ್ಲಕ್ಕಿಂತ ದೊಡ್ಡದು, ಮೀನು ಕಚ್ಚಿದಾಗ ಇನ್ನೊಬ್ಬನ ಕೋಲು ಮುಟ್ಟಬಾರದು. ಅವನು ಬಾಯಿ ಬಿಟ್ಟು 'ಬಲೆ' ಅಂದರೆ ಮಾತ್ರ ಪಕ್ಕದವನು ಕೈಬಲೆ ಹಿಡಿದು ನೀರಿಗಿಳಿಯಬಹುದು. ಅಲ್ಲಿಯವರೆಗೆ ಕೋಲು ಮುರಿಯಲಿ, ದಾರ ಹರಿಯಲಿ, ಮೂಕನ ಹಾಗೆ ನಿಂತಿರಬೇಕು. 'ಕೋಲು ಹಿಡಿದವನು ನೀರಿಗೆ ಬಿದ್ದರೆ ಅವನ ಕೊರಳಪಟ್ಟಿ ಹಿಡಿ, ಕೋಲಿನ ಗೊಡವೆಗೆ ಹೋಗಬೇಡ' ಎಂದು ಅಲ್ಲಿಗೆ ಬರುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮನ್ ತಮಾಷೆ ಮಾಡುತ್ತಿದ್ದ. ತಮಾಷೆಯಾದರೂ ಯಾರೂ ಅದನ್ನು ಮೀರಿದ್ದಿಲ್ಲ.

ಭಾವನ ಬಲಗೈ ಹೆಬ್ಬೆರಳು ಮೊದಲು ಅದುರಿತು. ನಿದ್ದೆ ಸಾಲದು ಅಂದುಕೊಂಡರು. ಆಮೇಲೆ ಇಡೀ ಕೈ. ಒಬ್ಬ ಗಿರಾಕಿಯ ಕಿವಿಯ ಕೆಳಗೆ ಸಣ್ಣ ಗೀರು ಬಿದ್ದ ದಿನ, ಯಾರೂ ಏನೂ ಹೇಳುವ ಮೊದಲೇ, ಕತ್ತಿಯನ್ನು ಒರೆಸಿ ಮಡಚಿ ಎರಡನೇ ಕುರ್ಚಿಯ ಪಾಲುದಾರನ ಕೈಗೆ ಕೊಟ್ಟು ಮನೆಗೆ ಬಂದರು. ಡಾಕ್ಟರು ಇದು ಹೋಗುವ ಕಾಯಿಲೆಯಲ್ಲ, ಮಾತ್ರೆ ನುಂಗಿಕೊಂಡು ಸಂಭಾಳಿಸಬೇಕು ಎಂದರು.

ಅಲ್ಲಿಂದ ಮನೆಯಲ್ಲಿ ಒಂದೊಂದೇ ಕೆಲಸ ಅವರ ಕೈಯಿಂದ ಜಾರತೊಡಗಿತು. ಟೀ ಲೋಟ ಅಕ್ಕನ ಕೈಗೆ ಹೋಯಿತು. ಅಂಗಿಯ ಗುಂಡಿ, ಬಾಗಿಲ ಚಿಲಕ, ಮಾತ್ರೆಯ ಪಟ್ಟಿ, ಕೊನೆಗೆ ಬಾಚಣಿಗೆಯೂ. ಊರಿನವರ ತಲೆಯನ್ನೆಲ್ಲ ಬಾಚಿದವರ ತಲೆಯನ್ನು ಅಕ್ಕ ಬಾಚುತ್ತಿದ್ದಳು. ಯಾರ ತಪ್ಪೂ ಇಲ್ಲ, ಎಲ್ಲರಿಗೂ ಅವರ ಮೇಲೆ ಪ್ರೀತಿಯೇ. ಉಳಿದದ್ದು ಗಾಳದ ಕೋಲು ಒಂದು. ಹಿಂದಿನ ದಿನವೇ ಗಾಳಕ್ಕೆ ದಾರ ಕಟ್ಟಲು ಕೂತುಬಿಡುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿಗೆ ದಾರ ತೂರಿಸಲು ಹೋಗಿ, ತಪ್ಪಿ, ಮತ್ತೆ ಹೋಗುತ್ತಿದ್ದರು. ಊಟ ಆರಿ ತಣ್ಣಗಾದರೂ ಅಕ್ಕ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಒಮ್ಮೆ ಅರ್ಜೆಂಟು ಅದನ್ನು ನೋಡಲಾರದೆ ಕೈ ಚಾಚಿದಾಗ ಅವಳು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

'ಅದೊಂದಕ್ಕೆ ಕೈ ಹಾಕಬೇಡ ಕಣೋ' ಎಂದಳು. 'ಎಲ್ಲಾ ಕಿತ್ಕೊಂಡಾಯ್ತು. ಅದೊಂದು ಇರೋದಕ್ಕೆ ಅವರು ಬೆಳಿಗ್ಗೆ ಏಳ್ತಾರೆ.'

'ನಾನೇನು ಚಿಕ್ಕ ಮಗುನಾ ಅಕ್ಕ? ಗೊತ್ತಾಗಲ್ವಾ ನನಗೆ?'

'ನಿನಗೆ ಗೊತ್ತಾಗತ್ತೆ. ನಿನ್ನ ಕೈಗೆ ಗೊತ್ತಾಗಲ್ಲ' ಎಂದಳು ಅಕ್ಕ.

ಆ ಹೊಂಡದಲ್ಲಿ ಒಂದು ಮುದಿ ಗೆಂಡೆ ಇತ್ತು. ಬಾಲದ ಮೇಲ್ತುದಿ ಹರಿದಿತ್ತು, ಬೆನ್ನು ಕಂದಿತ್ತು. ದಡದವರೆಲ್ಲ ಅದನ್ನು ಸಾಹುಕಾರ ಎಂದು ಕರೆಯುತ್ತಿದ್ದರು, ಯಾಕೆಂದರೆ ಎಲ್ಲರ ಕಾಳನ್ನೂ ತಿಂದು ಯಾರ ಕೈಗೂ ಸಿಗುತ್ತಿರಲಿಲ್ಲ. ಪೋಸ್ಟ್‌ಮನ್ ಒಮ್ಮೆ ಹಿಡಿದು ಕಳೆದುಕೊಂಡಿದ್ದ. ನೀರಿನಡಿಯಲ್ಲಿ ಗಣಿಯ ಕಾಲದ ಕಬ್ಬಿಣದ ತೊಲೆ ಬಿದ್ದಿತ್ತು. ಗಾಳ ಚುಚ್ಚಿದ ಕೂಡಲೇ ಅದು ಅತ್ತ ನುಗ್ಗಿ, ದಾರವನ್ನು ತೊಲೆಗೆ ಉಜ್ಜಿ ಹರಿದುಕೊಂಡು ಹೋಗುತ್ತಿತ್ತು. ಭಾವ ಅದಕ್ಕೆ ಬೇರೆ ದಾರಿ ಹುಡುಕಿದ್ದರು. ಬೇಯಿಸಿದ ಜೋಳದ ಕಾಳನ್ನು ದಿನಾ ಸಂಜೆ ತೊಲೆಯಿಂದ ದೂರ, ಒಂದೇ ಜಾಗಕ್ಕೆ ಎಸೆದು ಬರುವುದು. ಕೈ ನಡುಗಿ ಕಾಳು ಅಲ್ಲಿಲ್ಲಿ ಚೆಲ್ಲುತ್ತಿತ್ತು. ಆದರೂ ಹೋಗುವುದು ತಪ್ಪಿಸಲಿಲ್ಲ. 'ಮನೆಗೆ ಕರೆದು ಊಟ ಹಾಕಿ ಅಭ್ಯಾಸ ಮಾಡಿಸ್ತಿದ್ದೀನಿ. ಒಂದು ದಿನ ಅದಾಗೇ ಬಾಗಿಲು ಬಡಿಯತ್ತೆ' ಎನ್ನುತ್ತಿದ್ದರು.

ಒಂದು ರಜೆಯ ಬೆಳಿಗ್ಗೆ ಅದು ಬಾಗಿಲು ಬಡಿಯಿತು. ಬೆಂಡು ಮೊದಲು ಅಡ್ಡ ಮಲಗಿತು, ಆಮೇಲೆ ಆತುರವಿಲ್ಲದೆ ಪಕ್ಕಕ್ಕೆ ಸರಿಯಿತು. ಭಾವ ಎದ್ದು ನಿಂತು ಕೋಲನ್ನು ಎತ್ತಿದರು. ಕೋಲು ಬಿಲ್ಲಾಯಿತು, ರೀಲು ಕಿರುಚಿತು. ದೂರದಲ್ಲಿ ನೀರು ಉಬ್ಬಿ, ಆ ಹರಿದ ಬಾಲ ಒಂದು ಸಲ ಹೊರಗೆ ಕಂಡಿತು. ದಡದಲ್ಲಿದ್ದವರೆಲ್ಲ ತಂತಮ್ಮ ಕೋಲು ಕೆಳಗಿಟ್ಟು ಎದ್ದರು.

ಅರ್ಜೆಂಟು ಕೈಬಲೆ ಹಿಡಿದು ತುದಿಗಾಲಲ್ಲಿ ನಿಂತ. ಅವನ ಕಣ್ಣೆಲ್ಲ ದಾರದ ಮೇಲೆ. ಮೀನು ತೊಲೆಯ ಕಡೆ ತಿರುಗಿತ್ತು. ಭಾವ ದಾರ ಬಿಗಿಯುವ ಬದಲು ಬಿಡುತ್ತಿದ್ದರು, ಬಿಡುತ್ತಲೇ ಇದ್ದರು.

'ಬಿಗಿ ಹಿಡೀರಿ ಭಾವ!' ಎಂದ. ಭಾವ ಇನ್ನೂ ಒಂದಿಷ್ಟು ದಾರ ಬಿಟ್ಟರು. 'ತೊಲೆ! ತೊಲೆ ಕಡೆ ಹೋಗ್ತಿದೆ!'

'ಗೊತ್ತು, ಸುಮ್ನಿರು' ಎಂದರು ಭಾವ. ಅವರ ಮೊಣಕಾಲು ಒಂದು ಸಲ ಬಳುಕಿತು. ಕಾಲಕೆಳಗಿನ ಜಲ್ಲಿ ಜಾರಿತು, ಅಷ್ಟೆ. ಕೋಲು ಒಂದು ಗೇಣು ಕೆಳಗೆ ಬಂತು.

ಅರ್ಜೆಂಟುವಿಗೆ ತಾನು ಬಲೆ ಬಿಸಾಡಿದ್ದು ಯಾವಾಗ ಎಂದು ಗೊತ್ತಿಲ್ಲ. ಕೋಲು ಅವನ ಕೈಯಲ್ಲಿತ್ತು. ಭಾವನ ಬೆರಳುಗಳನ್ನು ಬಿಡಿಸಬೇಕಾಗಿ ಬಂದದ್ದು ಮಾತ್ರ ನೆನಪಿದೆ, ಒಂದು ಕ್ಷಣ ಅವು ಬಿಡಲಿಲ್ಲ. ಆಮೇಲೆ ಬಿಟ್ಟವು. ಅವನು ಬಿಗಿ ಹಿಡಿದ, ಪಕ್ಕಕ್ಕೆ ಎಳೆದ, ಒಳ್ಳೆಯ ಕೆಲಸಗಾರನ ತೋಳಲ್ಲವೇ, ಮೀನು ತಿರುಗಿತು. ಬೆವರಿಳಿಸಿ, ಬೈದು, ಹಲ್ಲು ಕಚ್ಚಿ ಕೊನೆಗೆ ಅದನ್ನು ದಡಕ್ಕೆ ತಂದ. ಪೋಸ್ಟ್‌ಮನ್ ಬಲೆ ಹಾಕಲಿಲ್ಲ. ಇವನೇ ಮಂಡಿಯುದ್ದದ ನೀರಿಗಿಳಿದು ಬಾಚಿಕೊಂಡ.

'ಸಿಕ್ತು ಭಾವ! ನಿಮ್ಮ ಸಾಹುಕಾರ!' ಎಂದು ಕೂಗಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಜನ ಅಷ್ಟು ಸುಮ್ಮನೆ ನಿಂತಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಭಾವ ಮಡಚುವ ಕುರ್ಚಿಯ ಮೇಲೆ ಕೂತು ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಯನ್ನು ಕಳಿಸಿಕೊಡುವಾಗ ನಗುತ್ತಿದ್ದ ನಗು.

'ಇವನು ಹಿಡಿದ. ಒಳ್ಳೆ ಮೀನು' ಎಂದರು ಎಲ್ಲರಿಗೂ ಕೇಳುವ ಹಾಗೆ. 'ನೀರಿಗೆ ಬಿಡಪ್ಪ, ಉಸಿರು ಕಟ್ಟತ್ತೆ ಅದಕ್ಕೆ.'

ಮುಂದಿನ ವಾರ ಭಾವ ಬರಲಿಲ್ಲ. ಅದರ ಮುಂದಿನ ವಾರವೂ. ಕೇಳಿದರೆ ಮಂಡಿ ನೋವು, ಗಾಳಿ ಥಂಡಿ, ಟೀವಿಯಲ್ಲಿ ಏನೋ ಇದೆ. ಬೀದಿಯಲ್ಲಿ ಅರ್ಜೆಂಟು ಸಿಕ್ಕಿದವರಿಗೆಲ್ಲ ಸಾಹುಕಾರನನ್ನು ಭಾವನೇ ಹಿಡಿದರು ಎಂದು ಸಾರಿಕೊಂಡು ಬಂದ. ಅವರು ಭಾವನನ್ನು ಅಭಿನಂದಿಸಲು ಹೋದರೆ, 'ಇಲ್ಲ ಇಲ್ಲ, ನಮ್ಮ ಮೈದುನ' ಎಂದು ಭಾವ ತಿದ್ದಿ ಕಳಿಸುತ್ತಿದ್ದರು. ಅರ್ಜೆಂಟು ಹಗುರವಾದ ಹೊಸ ಕೋಲೊಂದನ್ನು ತಂದುಕೊಟ್ಟ, ಕೋಲು ಇಡಲು ಪೈಪು ಬಗ್ಗಿಸಿ ಸ್ಟ್ಯಾಂಡ್ ಮಾಡಿದ. ಭಾವ ಎರಡನ್ನೂ ಚೆನ್ನಾಗಿದೆ ಎಂದು ಹೊಗಳಿ ಮೂಲೆಗೆ ಒರಗಿಸಿದರು. ಅಕ್ಕ ಅವನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ನಾನೇನು ಮಹಾ ತಪ್ಪು ಮಾಡಿದೆ ಎಂದು ಅವನು ಹೊರಗೆ ವಾದಿಸುತ್ತಿದ್ದ. ಕೈ ನಡುಗುವವರ ಕೈಯಿಂದ ಮೀನು ಹೋಗಿಯೇ ಹೋಗುತ್ತಿತ್ತು, ಉಳಿಸಿಕೊಟ್ಟೆ, ಅಷ್ಟೇ ತಾನೇ? ಒಂದು ದಿನ ಪೋಸ್ಟ್‌ಮನ್ ಮನೆಯ ಸಿಂಕು ಕಟ್ಟಿಕೊಂಡಿತ್ತು. ಅದರ ಕೆಳಗೆ ಅಂಗಾತ ಮಲಗಿ ಪೈಪು ಬಿಚ್ಚುತ್ತಲೇ ಅರ್ಜೆಂಟು ಈ ಪುರಾಣ ಮತ್ತೆ ತೆಗೆದ. ಪೋಸ್ಟ್‌ಮನ್ ಪಾತ್ರೆ ಒರೆಸುತ್ತಾ ಸ್ವಲ್ಪ ಹೊತ್ತು ಕೇಳಿದ.

'ನೀನು ದಾರ ನೋಡ್ತಿದ್ದೆ' ಎಂದ ಆಮೇಲೆ. 'ನಾನು ಅವರ ಕೈ ನೋಡ್ತಿದ್ದೆ. ಮೀನು ಎಳೀತಿದ್ದಷ್ಟು ಹೊತ್ತೂ ನಡುಗ್ತಿರಲಿಲ್ಲ ಅದು.'

ಅರ್ಜೆಂಟು ಸ್ಪ್ಯಾನರು ತಿರುಗಿಸುವುದನ್ನು ನಿಲ್ಲಿಸಿದ. 'ಏನು?'

'ಒಂದು ಚೂರೂ ನಡುಗ್ತಿರಲಿಲ್ಲಪ್ಪ, ಕತ್ತಿ ಹಿಡೀತಿದ್ದಾಗ ಇದ್ದ ಹಾಗೇ ಇತ್ತು. ದಾರ ಸಡಿಲ ಬಿಟ್ಟರೆ ಮೀನು ಹೆದರಲ್ಲ, ತೊಲೆ ದಾಟಿ ಬಯಲು ನೀರಿಗೆ ಹೋಗತ್ತೆ ಅಂತ ಬಿಡ್ತಿದ್ರು. ನಾನು ಬಿಗಿಯಾಗಿ ಎಳೆದೇ ಅಲ್ವಾ ಕಳ್ಕೊಂಡಿದ್ದು.'

ಕೊಳಕು ನೀರು ಅರ್ಜೆಂಟುವಿನ ಕೊರಳ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. ಬಿಡಿಸುವಾಗ ಆ ಬೆರಳುಗಳು ಎಷ್ಟು ಗಟ್ಟಿಯಾಗಿದ್ದವು ಎಂಬುದು ಈಗ ತನ್ನ ಬೆರಳುಗಳಿಗೇ ನೆನಪಾಯಿತು. ಕಾಯಿಲೆಯವರ ಹಿಡಿತವಾಗಿರಲಿಲ್ಲ ಅದು. ಸಿಂಕಿನ ಕೆಳಗೆ ಮಲಗಿಕೊಂಡೇ ಅವನು ಅತ್ತ. ಪೋಸ್ಟ್‌ಮನ್ ನೋಡಿಯೂ ನೋಡದವನ ಹಾಗೆ ಒಣಗಿದ ತಟ್ಟೆಯನ್ನೇ ಮತ್ತೆ ಒರೆಸಿದ.

ಅಲ್ಲಿಂದ ಅರ್ಜೆಂಟು ಸೀದಾ ಅಕ್ಕನ ಮನೆಗೆ ಹೋಗಿ ಭಾವನ ಕಾಲ ಬಳಿ ಕೂತ. 'ತಪ್ಪಾಯ್ತು ಭಾವ. ನಾನು ಕಿತ್ಕೊಳ್ಳಬಾರದಿತ್ತು' ಎಂದ. ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನು ನಿಧಾನವಾಗಿ ಆಡಿದ್ದ. ಭಾವ ಅವನ ತಲೆಯ ಮೇಲೆ ಕೈಯಿಟ್ಟರು. ಕೈ ಕೂದಲ ಮೇಲೆ ತಟತಟ ಬಡಿಯಿತು. 'ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದ್ದೀಯಾ? ಬಿಡೋ' ಎಂದರು. ಬನ್ನಿ ಭಾವ ಎಂದು ಅವನು ಅಂಗಲಾಚಿದ ಹಾಗೆ ಯಾರೂ ಯಾರನ್ನೂ ಮೀನು ಹಿಡಿಯಲು ಕರೆದಿರಲಾರರು. ಚಳಿ ಹೋಗಲಿ, ಬರ್ತೀನಿ ಎಂದರು ಭಾವ.

ಚಳಿ ಹೋಯಿತು. ಅರ್ಜೆಂಟು ವಾರವಿಡೀ ಸಂಜೆ ಕೆಲಸ ಬಿಟ್ಟು ಜೋಳದ ಕಾಳು ಬೇಯಿಸಿಕೊಂಡು ಹೋಗಿ ಭಾವನ ಜಾಗಕ್ಕೇ ಎಸೆದು ಬಂದ. ರಜೆಯ ಬೆಳಿಗ್ಗೆ ಅವರನ್ನು ದಡದಲ್ಲಿ ಕೂರಿಸಿ, ಅವರ ಹಳೇ ಕೋಲನ್ನೇ ಕೈಗೆ ಕೊಟ್ಟ. ಗಾಳಕ್ಕೆ ಕಾಳು ಚುಚ್ಚಲು ಅವರು ಪ್ರಯತ್ನಿಸಲಿಲ್ಲ, ಅವನೆಡೆಗೆ ಚಾಚಿದರು. ಅವನೇ ಚುಚ್ಚಿದ, ಅವನೇ ಎಸೆದ. ಆಮೇಲೆ ನಾಲ್ಕು ಹೆಜ್ಜೆ ದೂರ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ.

ಬಿಸಿಲು ಏರುವ ಹೊತ್ತಿಗೆ ಬೆಂಡು ಅಲ್ಲಾಡಿತು.

'ಬಂತು' ಎಂದರು ಭಾವ. ಕಣ್ಣಲ್ಲಿ ಹಳೆಯ ಖುಷಿಯೇ ಇತ್ತು. ಬೆಂಡು ಅಡ್ಡ ಮಲಗಿ ಸರಿಯತೊಡಗಿತು. ಭಾವ ಕೋಲನ್ನು ಎತ್ತಲಿಲ್ಲ. ಅದರ ಹಿಡಿಯನ್ನು ಅವನ ಕಡೆ ತಿರುಗಿಸಿದರು. 'ಹಿಡ್ಕೊ.'

'ನಾನು ಮುಟ್ಟಲ್ಲ ಭಾವ. ನೀವೇ ಎತ್ತಿ, ನಿಮ್ಮದು ಅದು.'

'ಹೇಗಿದ್ರೂ ಕೊನೆಗೆ ನೀನೇ ತಾನೇ ಎತ್ತೋದು. ಸುಮ್ನೆ ಇಬ್ಬರಿಗೂ ಯಾಕೆ ತೊಂದರೆ?'

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಅರ್ಜೆಂಟು ಅವರ ಮುಖವನ್ನು ಹುಡುಕಿದ. ಇದ್ದಿದ್ದರೆ ಅವನಿಗೆ ಅಷ್ಟರಮಟ್ಟಿಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಟೀ ಲೋಟವನ್ನು, ಬಾಚಣಿಗೆಯನ್ನು ಅಕ್ಕನಿಗೆ ಕೊಡುವಷ್ಟೇ ಸಹಜವಾಗಿ ಕೊಡುತ್ತಿದ್ದರು. ಅವನು ತೊಡೆಯ ಕೆಳಗಿನಿಂದ ಕೈ ತೆಗೆಯಲಿಲ್ಲ. ಬೆಂಡು ಮುಳುಗಿತು. ಕೋಲಿನ ತುದಿ ನೀರಿಗೆ ಬಾಗಿ ಎರಡು ಸಲ ಕುಲುಕಿ ನೆಟ್ಟಗಾಯಿತು. ದಾರ ಸಡಿಲವಾಗಿ ನೀರ ಮೇಲೆ ತೇಲಿತು.

'ಹೋಯ್ತು' ಎಂದರು ಭಾವ. ಆಮೇಲೆ ನಿಜವಾಗಿಯೂ ಅರ್ಥವಾಗದವರ ಹಾಗೆ ಅವನ ಕಡೆ ತಿರುಗಿದರು. 'ನೀನು ಯಾಕೋ ಸುಮ್ನೆ ಕೂತೆ? ಕೊಡ್ತಾ ಇದ್ದೆನಲ್ಲ ನಾನು.'

ಅರ್ಜೆಂಟು ದಾರ ಎಳೆದುಕೊಂಡು, ಬೋಳಾದ ಗಾಳಕ್ಕೆ ಹೊಸ ಕಾಳು ಚುಚ್ಚಿ, ಎಸೆದು, ಕೋಲನ್ನು ಮತ್ತೆ ಭಾವನ ಕೈಗೇ ಕೊಟ್ಟ. ಭಾವ ತೆಗೆದುಕೊಂಡರು, ಈಗ ಬರ್ತೀನಿ ಎಂದು ಹೇಳಿ ಹೋದವರ ಸಾಮಾನನ್ನು ಹಿಡಿದುಕೊಂಡಿರುವ ಹಾಗೆ.