ಹಾಲಿನ ಪುಡಿ ಮತ್ತು ಶಿವದಾರ

ನೆರೆ ಬಂದಾಗ ಜನರಿಗೆ ಕರುಣೆ ಉಕ್ಕಿ ಬರುತ್ತದೆ, ಅದು ಒಳ್ಳೆಯದೇ. ಆದರೆ ಆ ಕರುಣೆಯನ್ನು ಟೆಂಪೊದಿಂದ ಇಳಿಸಿ, ಆರಿಸಿ, ಹಂಚುವ ಕೆಲಸ ನನ್ನದು. ಬೆಳಗಾವಿಯಲ್ಲಿ ಸಾಮಾನು ಕೂಡಿಸಿ ಸಂತ್ರಸ್ತರ ಶಿಬಿರಗಳಿಗೆ ಮುಟ್ಟಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಮೇಲ್ವಿಚಾರಕಿ. ಆ ಮಳೆಗಾಲ ಮಲಪ್ರಭೆ ಉಕ್ಕಿ ಖಾನಾಪುರದ ಸುತ್ತಲಿನ ಮಣ್ಣಿನ ಮನೆಗಳನ್ನು ಕೆಡವಿದಾಗ ಏನೇನು ಬಂತು ಕೇಳಬೇಡಿ. ಎತ್ತರದ ಹಿಮ್ಮಡದ ಚಪ್ಪಲಿ, ಮದುವೆ ಕೋಟು, ಒಂದು ಗಂಟಿನ ತುಂಬ ಬರೀ ಟೈ! ಮೊಳಕಾಲುದ್ದ ಕೆಸರಿನಲ್ಲಿ ನಿಂತವರು ಟೈ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಬೈಲಹೊಂಗಲ ಕಡೆಯ ಹೆಣ್ಣುಮಕ್ಕಳು ಮಾತ್ರ ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಸಮೇತ ಕಳಿಸಿದ್ದರು. ಅವರಿಗೆ ಕೂತಲ್ಲೇ ಕೈಮುಗಿದೆ.

ಹಾಲಿನ ಪುಡಿಯ ಡಬ್ಬಿಗಳೂ ಬಂದಿದ್ದವು. ಅವು ಬಂದರೆ ನಾನು ಮೊದಲು ಮಾಡುವುದು ಕೋಣೆಗೆ ಹಾಕಿ ಕೀಲಿ ಜಡಿಯುವುದು. ನೆರೆಯ ನೀರು, ಸರಿಯಾಗಿ ತೊಳೆಯದ ಬಾಟಲಿ, ಕೂಸಿಗೆ ವಾಂತಿಭೇದಿ ಹತ್ತಲು ಇನ್ನೇನು ಬೇಕು? ಅದಲ್ಲದೆ ಡಬ್ಬಿ ರೂಢಿಯಾದರೆ ತಾಯಿಯ ಹಾಲೂ ಕಡಿಮೆಯಾಗುತ್ತದೆ. ಡಾಕ್ಟರು ಹೇಳಿದರೆ ಮಾತ್ರ ಡಬ್ಬಿ ಹೊರಗೆ. ಈ ವಿಷಯದಲ್ಲಿ ನನ್ನನ್ನು ಬಯ್ಯದವರೇ ಇಲ್ಲ, ನಾನೂ ಜಗ್ಗುವವಳಲ್ಲ.

ಖಾನಾಪುರದ ಶಾಲೆಯೊಂದರಲ್ಲಿ ಶಿಬಿರ ಮಾಡಿದ್ದೆವು. ಹಿಂದಿನ ಸಂಜೆ ಬಂದ ಒಂದು ಕುಟುಂಬದಲ್ಲಿ ಅತ್ತೆ, ಮಗ, ಸೊಸೆ, ಮೂರು ತಿಂಗಳ ಕೂಸು ಇದ್ದರು. ಮಗ ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದ. ಅತ್ತೆ ನೇರ ನನ್ನ ಟೇಬಲ್ಲಿಗೆ ಬಂದಳು.

"ಏನ್ರೀ ಬಾಯಾರ, ಹಾಲಿನ ಡಬ್ಬಿ ಒಳಗಿಟ್ಟ ಕೀಲಿ ಹಾಕ್ಕೊಂಡ ಕುಂತೀರಿ. ಕೂಸು ಅಳೂದು ನಿಮಗ ಕೇಳಸವಲ್ದೇನು?"

"ತಾಯಿ ಅದಾಳಲ್ರೀ ಅಮ್ಮಾರ, ಕುಡಸಾಕ ಹೇಳ್ರಿ."

"ಆಕೀಗೆ ಹಾಲು ಕಡಿಮಿ ಆಗ್ಯಾವು."

"ಹೊಟ್ಟಿತುಂಬ ಉಂಡ್ರ ಬರ್ತಾವ."

ಅಷ್ಟು ಜೋರಿನ ಹೆಣ್ಣುಮಗಳು ಆ ಒಂದು ಮಾತಿಗೆ ಬಾಯಿ ಮುಚ್ಚಿಕೊಂಡು ಹೋದಳು. ನನಗೆ ಗೆದ್ದ ಹಾಗಾಯಿತು. ಆದರೆ ಮಧ್ಯಾಹ್ನ ನೋಡಿದರೆ, ಶಾಲೆಯ ಹಿಂದೆ ಕಟ್ಟಿದ್ದ ಎಮ್ಮೆಯ ಮುಂದೆ ಅದೇ ಅತ್ತೆ ಎರಡು ತಟ್ಟೆ ಅನ್ನ ಸುರಿಯುತ್ತಿದ್ದಾಳೆ! ಅನ್ನ ಚೆಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಲಿಲ್ಲ ಎಂದು ಜಗಳ ಬೇರೆ, ಊಟ ಎಮ್ಮೆಗೆ ಬೇರೆ. ಇವರಿಗೆ ನಮ್ಮ ಅನ್ನ ಸೇರುತ್ತಿಲ್ಲ ಎಂದುಕೊಂಡು ಎರಡು ರೊಟ್ಟಿ, ಚಟ್ನಿ ಹಿಡಿದು ಸೊಸೆಯ ಹತ್ತಿರವೇ ಹೋದೆ. ಅವಳು ವರಾಂಡದ ಮೂಲೆಯಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ತಿನ್ನವಾ" ಎಂದೆ. ತಲೆ ಅಲ್ಲಾಡಿಸಿದಳು. ಮೈಯಲ್ಲಿ ಆರಾಮಿಲ್ಲವೇ ಎಂದು ಹಣೆ ಮುಟ್ಟಿ ನೋಡಿದೆ. ಆಗ ಅಳು ಒತ್ತಿಕೊಂಡು ಬಂತು ಅವಳಿಗೆ.

"ಅಕ್ಕಾರ, ಅತ್ತಿ ಮುಂದ ಹೇಳಬ್ಯಾಡ್ರಿ. ನನ್ನ ಲಿಂಗ ಮನ್ಯಾಗ ಉಳೀತ್ರಿ. ಕೂಸಿಗೆ ನೀರ ಎರಿಯುವಾಗ ಅದು ದಾರ ಹಿಡದ ಜಗ್ಗತಿತ್ತು. ಒಂದ ಗಳಿಗಿ ಅಂತ ತಗದ ಗೂಡಿನ್ಯಾಗ ಇಟ್ಟಿದ್ನಿ. ಅಷ್ಟರಾಗ ಹಿಂದಿನ ಗ್ವಾಡಿ ಬಿತ್ತು, ಕೂಸಿನ್ನ ಎತ್ಕೊಂಡ ಓಡಿದ್ನಿ."

ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವರ ಮನೆಯಲ್ಲಿ ಗುಟುಕು ನೀರೂ ಕುಡಿಯುವುದಿಲ್ಲ. ಬಾಣಂತಿಗೂ ರಿಯಾಯಿತಿ ಇಲ್ಲ. ಒಬ್ಬರ ಲಿಂಗ ಇನ್ನೊಬ್ಬರಿಗೆ ನಡೆಯುವುದಿಲ್ಲ, ಮೈಮೇಲಿಂದ ತೆಗೆದಿಡುವುದಂತೂ ದೊಡ್ಡ ತಪ್ಪು. ನಮ್ಮದೂ ಅದೇ ಪದ್ಧತಿಯ ಮನೆತನ, ಆದರೆ ಇಷ್ಟು ಕಟ್ಟುನಿಟ್ಟಿಲ್ಲ.

"ಕೂಸಿನ ಸಲುವಾಗಿ ಒಂದ ಗುಟುಕು ನೀರರೆ ಕುಡಿಯವಾ, ಶಿವ ಏನೂ ಅನ್ನಾಂಗಿಲ್ಲ."

"ಗಂಟಲದಾಗ ಇಳಿಯಾಂಗಿಲ್ರೀ ಅಕ್ಕಾರ" ಎಂದಳು. ಹಟದ ದನಿಯಲ್ಲ, ಸುಮ್ಮನೆ ಇದ್ದದ್ದು ಹೇಳಿದ ಹಾಗೆ. ನನಗೆ ಅವಳ ಕಪಾಳಕ್ಕೊಂದು ಕೊಡಬೇಕೆನಿಸಿತು, ಮರುಗಳಿಗೆಯೇ ತಬ್ಬಿಕೊಳ್ಳಬೇಕೆನಿಸಿತು.

ನನ್ನ ಫೋನಿನಲ್ಲಿ ಅಕ್ಕಿಯವರು, ಕಂಬಳಿಯವರು, ನೀರಿನ ಟ್ಯಾಂಕರಿನವರು ಎಲ್ಲರ ನಂಬರೂ ಇದ್ದವು. ಲಿಂಗ ಕಟ್ಟುವ ಅಯ್ಯನವರದೊಂದೇ ಇರಲಿಲ್ಲ. ಅವ್ವನಿಗೆ ಫೋನು ಮಾಡಿ, ಬೆಳಗಾವಿಯ ಕೋಟೆಯ ಬಾಜು ಇರುವ ನಮ್ಮ ಮನೆಯ ಅಯ್ಯನವರನ್ನು ಹಿಡಿದೆ.

"ಎಷ್ಟ ಲಿಂಗ ಬೇಕವಾ?" ಎಂದರು.

"ಒಂದ ಸಾಕ್ರೀ" ಎಂದವಳು ತಡೆದೆ. ಒಬ್ಬಳಿಗಾಗಿ ಅಯ್ಯನವರು ಬಂದರೆ ಇಡೀ ಶಿಬಿರಕ್ಕೆ ಗೊತ್ತಾಗುತ್ತದೆ, ಅತ್ತೆಗಂತೂ ಮೊದಲು. "ಬ್ಯಾಡ್ರಿ, ಒಂದ ಚೀಲ ತುಂಬ ತರ್ರಿ. ಕೊಳ್ಳಿಗೆ ಕಟ್ಟಾಕ ಶಿವದಾರನೂ ತರ್ರಿ."

ಬೆಳಗಾವಿಯಿಂದ ಹೊರಡಲು ನಿಂತಿದ್ದ ನಮ್ಮ ಟೆಂಪೊದಲ್ಲಿ ಡ್ರೈವರ್ ಬಾಜು ಸಹ ಬಿಸ್ಕಿಟಿನ ಪೆಟ್ಟಿಗೆ ಒಟ್ಟಿದ್ದರಂತೆ. "ಬಿಸ್ಕಿಟ್ ಇಳಸು, ಅಯ್ಯನಾರನ್ನ ಕುಂದರಸ್ಕೊಂಡ ಬಾ" ಎಂದೆ. ಡ್ರೈವರ್ ನಕ್ಕುಬಿಟ್ಟ.

ಇತ್ತ ಕೂಸಿನ ಅಳು ಸಣ್ಣದಾಗುತ್ತ ಬಂತು. ಅಳುವ ಕೂಸಿಗಿಂತ ಸುಮ್ಮನಾದ ಕೂಸು ಹೆದರಿಸುತ್ತದೆ. ಬೆಳಿಗ್ಗೆ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಿಂದ ಬಂದು ಹೋಗಿದ್ದ ಡಾಕ್ಟರಿಗೆ ಫೋನು ಮಾಡಿದೆ. ಸಂಜೆಯೊಳಗೆ ತಾಯಿ ಕುಡಿಸದಿದ್ದರೆ ನೀರು ಚೆನ್ನಾಗಿ ಕುದಿಸಿ ಪುಡಿ ಕೊಡಿ, ಆಮೇಲೆ ಇಬ್ಬರನ್ನೂ ಇಲ್ಲಿಗೆ ಕಳಿಸಿ ಎಂದರು. ಕೀಲಿ ಸೊಂಟದಿಂದ ಕೈಗೆ ತೆಗೆದುಕೊಂಡೆ. ಒಲೆಯ ಮೇಲೆ ನೀರಿಟ್ಟೆ.

ನೀರು ಗುಳ್ಳೆಯೇಳುವ ಹೊತ್ತಿಗೆ ಟೆಂಪೊ ಬಂತು. "ದಾರ ತೊಯ್ದವರು, ಲಿಂಗ ಕಳಕೊಂಡವರು ಯಾರರೆ ಇದ್ರ ಬರ್ರಿ" ಎಂದು ವರಾಂಡದಲ್ಲಿ ನಿಂತು ಕೂಗಿದೆ. ನೋಡಿದರೆ ಒಬ್ಬ ಮುದುಕರು ಎದ್ದು ಬಂದರು, ಹಿಂದೆಯೇ ಇನ್ನೊಬ್ಬ ಹೆಣ್ಣುಮಗಳು. ಎಲ್ಲರೂ ಬಾಯಿ ಬಿಡದೆ ಕೂತಿದ್ದವರೇ. ಅವರ ನಡುವೆ ಸೊಸೆಯೂ ಸೆರಗಿನೊಳಗೆ ಕೂಸನ್ನಿಟ್ಟುಕೊಂಡು ಬಂದಳು. ಸೀರೆ ಕಟ್ಟಿ ಮರೆ ಮಾಡಿದೆವು. ಅಯ್ಯನವರು ಮಂತ್ರ ಹೇಳಿ ಅವಳಿಗೆ ಲಿಂಗ ಕೊಟ್ಟರು. ಅವಳು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿ, ಲೋಟದ ನೀರನ್ನು ಕಣ್ಣು ಮುಚ್ಚಿ ಒಂದೇ ಸಲಕ್ಕೆ ಕುಡಿದಳು. ಆಮೇಲೆ ಅನ್ನ ಉಂಡಳು, ರೊಟ್ಟಿಯನ್ನೂ ತಿಂದಳು.

ಅತ್ತೆ ದೂರದ ಕಂಬಕ್ಕೊರಗಿ ನಿಂತಿದ್ದಳು. ನಾನೇ ತಟ್ಟೆ ಒಯ್ದು ಕೊಟ್ಟೆ. ಸಿಟ್ಟು ಇನ್ನೂ ಪೂರಾ ಇಳಿದಿರಲಿಲ್ಲ.

"ಇದನ್ನೂ ಎಮ್ಮಿಗೆ ಹಾಕಬ್ಯಾಡ್ರೀ ಅಮ್ಮಾರ."

"ಇಲ್ಲ ಯವ್ವಾ, ಈಗ ಉಣ್ತೀನಿ" ಎಂದಳು. ಬಾಯಾರ ಹೋಗಿ ಯವ್ವಾ ಆಗಿದ್ದೆ ನಾನು. "ಆಕಿ ಕೊಳ್ಳಾಗ ದಾರ ಇಲ್ಲದ್ದು ನನಗ ನಿನ್ನೆ ಹಾದ್ಯಾಗ ಕಂಡಿತ್ತು. ಕೇಳಿದ್ರ ಹುಡುಗಿ ನಾಚಿಕೀಲೆ ಸತ್ತಹೋಗ್ತಿತ್ತು. ಅಯ್ಯನಾರನ್ನ ಕರಕೊಂಡ ಬಾ ಅಂತ ನಸಕಲೇ ಮಗನ್ನ ಕಳಿಸಿದ್ನಿ. ಹೊಳಿ ಪುಲ್ಲಿನ ಮ್ಯಾಲ ನೀರು, ಆಚೆ ದಂಡಿಗೆ ಹೋಗಾಕ ಬಿಡವಲ್ರು ಅಂತ ಫೋನ್ ಮಾಡಿದ. ಅದಕ್ಕ ನಿನ್ನ ಕೂಡ ಡಬ್ಬಿಗೆ ಜಗಳಾಡಿದ್ನಿ."

"ನಿಮ್ಮ ಲಿಂಗ ಕೊಳ್ಳಾಗ ಐತೆಲ್ಲ. ನೀವ್ಯಾಕ ಉಂಡಿಲ್ಲ?"

"ಬಾಣಂತಿ ಉಪಾಸ ಕುಂತಾಳ, ನನಗ ಹೆಂಗ ಇಳೀತದವಾ?"

ಅವಳು ಮೊದಲ ತುತ್ತು ಬಾಯಿಗಿಟ್ಟಳು. ಸೀರೆಯ ಮರೆಯಲ್ಲಿ ಕೂಸು ಬಿಕ್ಕುತ್ತ, ಚಪ್ಪರಿಸುತ್ತ ಕುಡಿಯುವ ಸದ್ದು ಕೇಳಿತು. ನಾನು ಎದ್ದುಹೋಗಿ ಒಲೆಯ ಮೇಲಿನ ನೀರು ಇಳಿಸಿದೆ. ತಿರುಗಿ ಬಂದಾಗ ಅತ್ತೆ ತಟ್ಟೆಯಿಂದ ತಲೆ ಎತ್ತದೆ ಮೆಲ್ಲಗೆ ಅಂದಳು: "ಆಕಿ ಮುಂದ ಹೇಳಬ್ಯಾಡವಾ ಮತ್ತ."